ನಾನು ಹೋಗದೆ ಕೊಟ್ಟು ಬಂದ ಮಾತು

1994ರಲ್ಲಿ, ಏಳನೇ ತರಗತಿ ಅರ್ಧ ಆಗಿದ್ದಾಗ, ನಾನು ಓದು ಬಿಟ್ಟೆ. ಕೆ.ಆರ್.ಎಸ್.ನ ಒಂದು ಸಣ್ಣ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದೆ. ಅಲ್ಲಿಂದ ಸಪ್ಲೈಯರ್, ಆಮೇಲೆ ಗಲ್ಲಾ, ಕೊನೆಗೆ ಬೆಳ್ಳೂರು ಕ್ರಾಸಿನಲ್ಲಿ ಸ್ವಂತ ಹೋಟೆಲು. ಯಾರ ಶಿಫಾರಸೂ ಇಲ್ಲದೆ ಮೇಲೆ ಬಂದವನು. ಹಾಗಾಗಿ ಕಣ್ಣಿಗೆ ಕಾಣದ ಯಾವುದನ್ನೂ ನಂಬುತ್ತಿರಲಿಲ್ಲ. ದೆವ್ವ, ಗಾಳಿ ಅಂತ ಹೋಟೆಲಿನಲ್ಲಿ ಯಾರಾದರೂ ಮಾತೆತ್ತಿದರೆ, ಮೊದಲು ಆ ಟೇಬಲ್ ಒರೆಸು ಅನ್ನುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೊರೊನಾಕ್ಕೆ ಮೊದಲು ಹೋಟೆಲ್ ಕೆಲಸ ಅಂದರೆ, ಬೆಳಗಿನ ಜಾವ ಒಲೆ ಹಚ್ಚಿದವರೇ ರಾತ್ರಿ ಕೊನೆಯ ಗಿರಾಕಿಯ ಎಲೆ ಎತ್ತುವವರೆಗೂ ಇರಬೇಕು. ಹಬ್ಬಕ್ಕೋ ಸಾವಿಗೋ ಊರಿಗೆ ಹೋದರೆ ಅದೇ ರಜೆ. ಟೇಬಲ್‌ಗಳನ್ನು ಜೋಡಿಸಿಕೊಂಡು ಅದರ ಮೇಲೇ ನಿದ್ದೆ. ನಾನೂ ಹಾಗೇ ಬೆಳೆದವನಾದ್ದರಿಂದ ಅದೆಲ್ಲ ಸಹಜ ಅನ್ನಿಸಿತ್ತು.

ಎರಡನೇ ಲಾಕ್‌ಡೌನಿನಲ್ಲಿ ನನ್ನ ನಾಲ್ವರು ಕೆಲಸಗಾರರೂ ಊರು ಸೇರಿದರು. ದೋಸೆ ಹಾಕುವ ಚಿಕ್ಕಣ್ಣ ಕೆ.ಆರ್.ಪೇಟೆಗೆ, ಸಪ್ಲೈಯರ್ ಫಯಾಜ್ ಶ್ರೀರಂಗಪಟ್ಟಣಕ್ಕೆ, ಅಡುಗೆಮನೆಯ ಜಯಮ್ಮ ನಾಗಮಂಗಲಕ್ಕೆ, ಕ್ಲೀನಿಂಗ್ ಮಾಡುವ ಸುರೇಶ ಪಾಂಡವಪುರಕ್ಕೆ. ಮತ್ತೆ ಹೋಟೆಲು ತೆಗೆಯಬಹುದು ಎಂದಾಗ ಎಲ್ಲರಿಗೂ ಫೋನು ಮಾಡಿದೆ. ಒಬ್ಬರೂ ಒಪ್ಪಲಿಲ್ಲ. ಚಿಕ್ಕಣ್ಣ ಟ್ರಾಕ್ಟರು ಓಡಿಸುತ್ತಿದ್ದ, ಫಯಾಜ್ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದ. ರಾತ್ರಿ ಸ್ವಂತ ಮನೆಯಲ್ಲಿ ಮಲಗುವ ರುಚಿ ಅವರಿಗೆ ಹತ್ತಿತ್ತು. ಕಟ್ಟಡದ ಮಾಲೀಕರು, ತಿಂಗಳ ಕೊನೆಯೊಳಗೆ ಬಾಗಿಲು ತೆಗೆಯದಿದ್ದರೆ ಬೇಕರಿಯವರಿಗೆ ಕೊಟ್ಟುಬಿಡುತ್ತೇನೆ ಎಂದರು. ಅಷ್ಟರಲ್ಲಿ ನನಗೇ ಜ್ವರ ಬಂತು. ಕೊರೊನಾನೇ.

ಬಿಂಡಿಗನವಿಲೆಯ ನಮ್ಮ ಮನೆಯ ಮೂಲೆಯ ಕೋಣೆಯಲ್ಲಿ ಒಬ್ಬನೇ ಮಲಗಿದೆ. ಹೆಂಡತಿ ಬಾಗಿಲಾಚೆ ಗಂಜಿ ಇಟ್ಟು ಹೋಗುತ್ತಿದ್ದಳು. ಒಂದು ಗುರುವಾರ ಮಧ್ಯಾಹ್ನ ಜ್ವರ ವಿಪರೀತ ಏರಿತು. ಅಲ್ಲಿಂದ ಮಾರನೆಯ ಬೆಳಗಿನವರೆಗೆ ನನಗೇನೂ ನೆನಪಿಲ್ಲ. ಎದ್ದಾಗ ಮೈ ಹಗುರವಾಗಿತ್ತು. ಕಾಲು ಮಾತ್ರ, ತುಂಬಾ ದೂರ ನಡೆದವನ ಹಾಗೆ, ನೋಯುತ್ತಿತ್ತು. ಜ್ವರದ ನೋವು ಅಂದುಕೊಂಡೆ.

ತಿಂಗಳ ಕೊನೆಯ ದಿನ, ಬೀಗದ ಕೈ ಒಪ್ಪಿಸಿ ಬೋರ್ಡು ಇಳಿಸಿಕೊಂಡು ಬರೋಣವೆಂದು ಬೆಳ್ಳೂರು ಕ್ರಾಸಿಗೆ ಹೋದೆ. ಹೋಟೆಲಿನ ಮೆಟ್ಟಿಲ ಮೇಲೆ ನಾಲ್ವರೂ ಬ್ಯಾಗು ಇಟ್ಟುಕೊಂಡು ಕೂತಿದ್ದರು. ನನಗಿಂತ ಹಿರಿಯನಾದ ಚಿಕ್ಕಣ್ಣ ಎದ್ದು ನಿಂತ.

"ಏನ್ಲಾ, ಬಾ ಅಂತ ಕರ್ದ್ಬುಟ್ಟು ನೀನೇ ಇಷ್ಟೊತ್ತಿಗೆ ಬತ್ತಿದ್ದೀಯಲ್ಲ?"

ನಾನೆಲ್ಲಿ ಕರೆದೆ ಎಂದೆ. ನಾಲ್ವರೂ ಒಂದೇ ಮಾತು ಹೇಳಿದರು. ಎರಡು ವಾರದ ಹಿಂದಿನ ಗುರುವಾರ, ದೀಪ ಹಚ್ಚುವ ಹೊತ್ತಿನಲ್ಲಿ, ನಾನು ಅವರವರ ಮನೆ ಬಾಗಿಲಿಗೆ ಹೋಗಿದ್ದೆನಂತೆ. ಮಾಸ್ಕ್ ಹಾಕಿಕೊಂಡು ಆಚೆಯೇ ನಿಂತಿದ್ದೆನಂತೆ. ನೀರು ಕೊಟ್ಟರೂ ಬೇಡವೆಂದು, ತಿಂಗಳ ಕೊನೆಯ ದಿನ ಬನ್ನಿ ಎಂದೆನಂತೆ. ನಾನು ಜ್ವರದಲ್ಲಿ ಬಿದ್ದಿದ್ದ ಗುರುವಾರ ಅದು. ನಾಲ್ಕು ಊರು, ಒಂದೇ ಸಂಜೆ, ಒಂದೇ ಹೊತ್ತು. ಮಾಸ್ಕ್ ಹಾಕಿದ್ದವರು ಬೇರೆ ಯಾರೋ ಇರಬೇಕು ಎಂದೆ.

"ಮಾಸ್ಕ್ ಆಕಿದ್ರೆ ದನಿ ಗೊತ್ತಾಗಕಿಲ್ವಾ ಅಣ್ಣ? ಎಷ್ಟ್ ವರ್ಸದಿಂದ ನಿಮ್ ತಾವ ಬೈಸ್ಕಂಡಿವ್ನಿ!" ಅಂದ ಫಯಾಜ್.

"ನಂಗೆ ಅನ್ಮಾನ ಬಂದಿತ್ತು ಕಣಣ್ಣ," ಎಂದು ಜಯಮ್ಮ ನಕ್ಕಳು. "ದನಿಗಲ್ಲ. ವಾರಕ್ಕೊಂದಿನ ರಜ ಕೊಡ್ತೀನಿ ಅಂದ್ರಲ್ಲ, ಅದ್ಕೆ!"

ಬಂದಿದ್ದವನು ನಾಲ್ವರಿಗೂ ಒಂದೇ ಮಾತು ಕೊಟ್ಟಿದ್ದ. ವಾರಕ್ಕೊಂದು ರಜೆ. ಬೆಳಗಿನ ಪಾಳಿ ಬೇರೆ, ಸಂಜೆಯ ಪಾಳಿ ಬೇರೆ. ಮಲಗಲು ಕೋಣೆ. ಇನ್ನೊಂದು, ಮಧ್ಯಾಹ್ನ ಗಿರಾಕಿಗಳಿಗಿಂತ ಮೊದಲು ಕೆಲಸದವರು ಟೇಬಲಿಗೆ ಕೂತು, ಎಲೆ ಹಾಕಿಸಿಕೊಂಡು ಉಣ್ಣಬೇಕು. ಈ ಕೊನೆಯದನ್ನು ಇನ್ನೊಮ್ಮೆ ಹೇಳಿಸಿ ಕೇಳಿದೆ. ಲೋಟ ತೊಳೆಯುತ್ತಿದ್ದ ಕಾಲದಲ್ಲಿ ನಾನು ಹಿತ್ತಲ ಡ್ರಮ್ಮಿನ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದೆ. ಒಂದು ದಿನವಾದರೂ ಒಳಗೆ ಕೂತು, ಎಲ್ಲರಿಗಿಂತ ಮೊದಲು ಉಣ್ಣಬೇಕು ಎಂಬ ಆಸೆಯಿತ್ತು. ಅದನ್ನು ಯಾರಿಗೂ ಹೇಳಿದವನಲ್ಲ, ಹೆಂಡತಿಗೂ. ನಾನೇ ಮರೆತಿದ್ದೆ.

ಬಂದಿದ್ದು ನಾನಲ್ಲ ಎಂದರೆ ಅವರು ಮುಂದಿನ ಬಸ್ಸಿಗೆ ಹೊರಡುತ್ತಾರೆ, ಹೋಟೆಲು ಕೈಬಿಟ್ಟು ಹೋಗುತ್ತದೆ. ಆದರೂ ಸುಳ್ಳು ಹೇಳಿ ಒಲೆ ಹಚ್ಚಿಸಲು ಮನಸ್ಸು ಬರಲಿಲ್ಲ. ಜ್ವರದ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುರೇಶ ಬ್ಯಾಗು ಎತ್ತಿಕೊಂಡ. ಚಿಕ್ಕಣ್ಣ ನನ್ನ ಮುಖವನ್ನೇ ನೋಡಿದ.

"ಯಾರಾರ ಬಂದಿರ್ಲಿ ಬುಡ್ಲಾ. ಆ ಮಾತು ನೀನು ಉಳಿಸ್ಕಳಂಗಿದ್ರೆ ಬೀಗ ತೆಗಿ. ಇಲ್ದಿದ್ರೆ ನಂಗೆ ಬಸ್ಸದೆ."

ಬೀಗ ತೆಗೆದೆ.

ಆ ಗುರುವಾರದ ಬಗ್ಗೆ ಹೆಂಡತಿಯನ್ನು ಕೇಳಿದೆ. ಸಂಜೆಯೆಲ್ಲ ನನ್ನ ಕೋಣೆಯ ಬಾಗಿಲಿಗೆ ಒರಗಿ ಕೂತೇ ಇದ್ದಳಂತೆ, ನಾನು ಒಳಗೆ ನರಳುತ್ತಿದ್ದದ್ದು ಕೇಳುತ್ತಲೇ ಇತ್ತಂತೆ. ಯಾರೋ ತಮಾಷೆ ಮಾಡಿದರು ಅನ್ನೋಣವೆಂದರೆ, ನನ್ನ ಮನಸ್ಸಿನೊಳಗಿನ ಆಸೆ ಅವರಿಗೆ ಹೇಗೆ ಗೊತ್ತು? ಜ್ವರದಲ್ಲಿ ನಾನೇ ಬಡಬಡಿಸಿದೆ ಅನ್ನೋಣವೆಂದರೆ, ಅದನ್ನು ನಾಲ್ಕು ಊರಿಗೆ ಹೊತ್ತುಕೊಂಡು ಹೋದವರು ಯಾರು? ಇವತ್ತಿಗೂ ನನಗೆ ತಿಳಿದಿಲ್ಲ.

ಮಾತನ್ನಂತೂ ಉಳಿಸಿಕೊಂಡೆ. ಮೊದಲ ವರ್ಷ ಕಷ್ಟವಾಯಿತು. ರಜೆ ಹೋದವರ ಜಾಗದಲ್ಲಿ ನಾನೇ ನಿಂತು ಪಾತ್ರೆ ತೊಳೆದೆ. ಈಗ ಹೈವೇಯ ದೊಡ್ಡ ದೊಡ್ಡ ಹೋಟೆಲುಗಳ ಮುಂದೆ, ಕೆಲಸಕ್ಕೆ ಜನ ಬೇಕು ಅನ್ನುವ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡು ನಿಂತಿದೆ. ನಿಮ್ಮಲ್ಲಿ ಜನ ಹೇಗೆ ನಿಲ್ಲುತ್ತಾರೆ ಎಂದು ಅವುಗಳ ಮಾಲೀಕರು ಕಾರಿನಲ್ಲಿ ಬಂದು ಕೇಳುತ್ತಾರೆ. ಮಧ್ಯಾಹ್ನ ಬನ್ನಿ, ನಮ್ಮವರದು ಊಟ ಆದಮೇಲೆ ನಿಮಗೆ ಎಲೆ ಹಾಕಿಸುತ್ತೇನೆ ಅನ್ನುತ್ತೇನೆ. ಹೌದು, ಹೆಮ್ಮೆಯಿಂದಲೇ ಅನ್ನುತ್ತೇನೆ.

ಈಗ ನನ್ನಲ್ಲಿರುವುದು ಇಷ್ಟು: ಒಂದು ಹೋಟೆಲು, ಹನ್ನೆರಡು ಟೇಬಲು, ಮಲಗಲು ಎರಡು ಕೋಣೆ, ಹದಿನಾಲ್ಕು ಜನ ಕೆಲಸದವರು. ಅವರಲ್ಲಿ ನಾಲ್ವರು ಆವತ್ತು ಮೆಟ್ಟಿಲ ಮೇಲೆ ಕೂತಿದ್ದವರು.