ದೇವರ ಡಬ್ಬಿಯ ಗುಳಿಗೆ

ಆಗ ನನಗೆ ಐವತ್ತಾರು. ನಾರಾಯಣಗೂಡದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮುಟ್ಟು ನಿಂತು ಹನ್ನೊಂದು ವರ್ಷವಾದರೂ ಮೈಗೆ ಬೆಂಕಿ ಹತ್ತಿದಂತಾಗುವುದು ನಿಂತಿರಲಿಲ್ಲ. ಲೆಕ್ಕ ಅರ್ಧಕ್ಕೆ ಬಂದಾಗ ಬೆವರಿ ಒದ್ದೆಯಾಗಿ, ಚಾಕ್ ಬಿಟ್ಟು ಹೊರಗೆ ಓಡುತ್ತಿದ್ದೆ. ಹಾಗೆ ಓಡುವುದಕ್ಕಿಂತ ಕೆಲಸ ಬಿಡುವುದೇ ಮೇಲೆಂದು ಸ್ವಯಂನಿವೃತ್ತಿಯ ಅರ್ಜಿಯನ್ನೂ ಬರೆದಿಟ್ಟಿದ್ದೆ.

ನಾನು ಫೋನಿನಲ್ಲಿ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದ್ದೇ ತಡ, ಅಣ್ಣನ ಹೆಂಡತಿ, ನಮ್ಮ ವೈನಿ, ಮೆಹದಿಪಟ್ಟಣಂನಿಂದ ಬಸ್ ಹತ್ತಿ ಬಂದರು. “ಕ್ಯಾನ್ಸರ್ ಬರ್ತದ ಅಂತಾರ. ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕವಾ ಅದು? ಸುಮ್ನ ಕೂಡು.”

ನಾನು ಸುಮ್ಮನೆ ಕೂಡುವವಳಲ್ಲ. ಒಬ್ಬಳೇ ತೆಲುಗು ಡಾಕ್ಟರಮ್ಮನ ಹತ್ತಿರ ಹೋದೆ. ಮನೆಯಲ್ಲಿ ಕನ್ನಡದಲ್ಲಿ ಎಂದೂ ಬಿಡಿಸಿ ಹೇಳದ ಮಾತು ತೆಲುಗಿನಲ್ಲಿ ಸಲೀಸಾಗಿ ಬಂತು. ಆಕೆಯೂ ಏನನ್ನೂ ಮುಚ್ಚಿಡಲಿಲ್ಲ. ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದ್ದರೆ ಚೆನ್ನಾಗಿತ್ತು. ತಡವಾದಷ್ಟೂ ರಕ್ತ ಹೆಪ್ಪುಗಟ್ಟುವ, ಲಕ್ವ ಹೊಡೆಯುವ, ಹೃದಯ ಕೆಡುವ ಭಯ ಹೆಚ್ಚು. ವೈನಿ ಹೇಳಿದ ಕ್ಯಾನ್ಸರಿನ ಅಪಾಯವೂ ಸ್ವಲ್ಪ ಉಂಟು. ಆದರೆ ಉರಿ ತಗ್ಗುತ್ತದೆ, ನಿದ್ದೆ ಬರುತ್ತದೆ, ಮೂಳೆ ಸವೆಯುವುದು ನಿಧಾನವಾಗುತ್ತದೆ.

ಮೊದಲು ಎಂದಾದರೂ ಹಾರ್ಮೋನ್ ಗುಳಿಗೆ ನುಂಗಿದ್ದೀರಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದೆ. ಹಬ್ಬಕ್ಕೆ ಮುಟ್ಟು ಮುಂದೂಡುವ ಗುಳಿಗೆ? ಅದನ್ನು ನುಂಗಿದ್ದೆ. ಪ್ರತಿ ನವರಾತ್ರಿಗೂ ವೈನಿ ಅರಿಶಿನ ಕುಂಕುಮದ ಡಬ್ಬಿಯಿಂದ ತೆಗೆದು ಮನೆಯ ಹೆಂಗಸರಿಗೆಲ್ಲ ಹಂಚುತ್ತಿದ್ದುದು ಅದನ್ನೇ. ದೇವರ ಕೋಣೆಯಿಂದ ಬಂದದ್ದನ್ನು ನಾನು ಔಷಧಿಯೆಂದು ಎಣಿಸಿಯೇ ಇರಲಿಲ್ಲ. ಗಣಿತ ಕಲಿಸುವವಳಿಗೆ ನಾಚಿಕೆಯಾಯಿತು.

ತಪಾಸಣೆಗಳೆಲ್ಲ ಸರಿಯಾಗಿಯೇ ಬಂದವು. ಚರ್ಮಕ್ಕೆ ಹಚ್ಚುವ ಜೆಲ್, ಅದೂ ತೀರ ಕಡಿಮೆ, ಜೊತೆಗೊಂದು ಗುಳಿಗೆ, ಮೂರು ತಿಂಗಳಿಗೆ ಮತ್ತೆ ತಪಾಸಣೆ. ನಿರ್ಧಾರ ನಿಮ್ಮದು ಎಂದರು. ನಾನು ಹೂಂ ಎಂದೆ.

ಸುದ್ದಿ ಕೇಳಿ ವೈನಿ ಮತ್ತೆ ಬಂದಾಗ ಹೇಳಿದೆ: “ವೈನಿ, ವರ್ಷಾ ವರ್ಷಾ ದೇವರ ಸಲುವಾಗಿ ಕೊಡತಿದ್ರೆಲ್ಲಾ, ಅದೂ ಹಾರ್ಮೋನ್ ಗುಳಿಗೀನ ರೀ. ಆವಾಗ ಯಾರೂ ಡಾಕ್ಟರನ್ನ ಕೇಳಲಿಲ್ಲ. ನಾ ಈಗ ನನ್ನ ಸಲುವಾಗಿ ಕೇಳಿಕೊಂಡು ಬಂದೀನಿ.”

ವೈನಿ ಮುಖ ಊದಿಸಿಕೊಂಡು ಹೋದರು. ಮುಂದಿನ ನವರಾತ್ರಿಗೆ ಆ ಡಬ್ಬಿಯಲ್ಲಿ ಅರಿಶಿನ ಕುಂಕುಮ ಮಾತ್ರ ಇತ್ತು.

ಉರಿ ಪೂರ್ತಿ ಹೋಗಲಿಲ್ಲ, ತಗ್ಗಿತು. ನನಗೆ ಅಷ್ಟೇ ಸಾಕಿತ್ತು. ಅರ್ಜಿ ಹರಿದು ಹಾಕಿದೆ. ಎರಡು ವರ್ಷದ ಮೇಲೆ ನನ್ನ ಕೊನೆಯ ತರಗತಿಯ ದಿನ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಗಂಟೆ ಹೊಡೆಯುವ ತನಕ ಬೋರ್ಡಿನ ಮುಂದೆ ನಿಂತು ಲೆಕ್ಕ ಮುಗಿಸಿದೆ. ನಡುವೆ ಒಮ್ಮೆಯೂ ಬಾಗಿಲ ಕಡೆ ನೋಡಲಿಲ್ಲ.