ಸಬ್ಜಾ ನಿಂತ ಮೂರನೆಯ ಜಾಗ

ಹುರುಳಿ ಬೇಯುವ ವಾಸನೆ ಬಂದರೆ ಬೇರೆಯವರಿಗೆ ಸಾರಿನ ನೆನಪಾಗುತ್ತದೆ, ನನಗೆ ಕುದುರೆಯ ನೆನಪಾಗುತ್ತದೆ. ಮೊನ್ನೆ ಪಕ್ಕದ ಮನೆಯವರು ಹುರುಳಿಕಟ್ಟು ಬಸಿಯುತ್ತಿದ್ದರು. ಬಿಸಿ ಮಣ್ಣಿನಂಥ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಕಾಫಿ ಆರುವವರೆಗೂ ನಾನು ಅಲ್ಲಾಡದೆ ಕುಳಿತುಬಿಟ್ಟೆ. ರಾಯದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ, ಹಂಡೆಯ ತುಂಬ ಹುರುಳಿ. ಅದು ದೊಡ್ಡಪ್ಪನ ಕುದುರೆ ಸಬ್ಜಾನ ಊಟ. ಬೂದು ಬಣ್ಣದ ಕುದುರೆಗೆ ಸಾಬರು ಹಾಗೆನ್ನುತ್ತಾರಂತೆ. ಮಾರಿದವನು ಕರೆದ ಹೆಸರೇ ನಮ್ಮಲ್ಲೂ ಉಳಿಯಿತು. ಮದರಾಸು ಸರ್ಕಾರದ ಕಾಲ ಅದು. ನಮ್ಮ ಮನೆಯ ಗಂಡಸರೆಲ್ಲ ತಲೆತಲಾಂತರದಿಂದ ಅಂಗಡಿಯಲ್ಲಿ ಕೂತು ಬೆಲ್ಲ, ಕಡಲೆ ತೂಗಿದವರು. ತಕ್ಕಡಿ ಬಿಟ್ಟು ಲಗಾಮು ಹಿಡಿದವನು ದೊಡ್ಡಪ್ಪನೊಬ್ಬನೇ. ಸರ್ಕಾರ ಕಲ್ಲು ನೆಟ್ಟು ಕಾಯ್ದಿರಿಸಿದ ಅಡವಿಗೆ ಅವನು ರೇಂಜರ್. ಬೆಳಿಗ್ಗೆ ಕುದುರೆ ಹತ್ತಿದರೆ ಇಳಿಹೊತ್ತಿಗೆ ಮನೆ. ಮಾತು ಬಹಳ ಕಡಿಮೆ. ಮನೆಯವರ ಜೊತೆ ಆಡದೆ ಉಳಿಸಿದ ಮಾತನ್ನೆಲ್ಲ ಕುದುರೆಗೆ ಹೇಳುತ್ತಾನೆಂದು ಮನೆಯಲ್ಲಿ ನಗುತ್ತಿದ್ದರು.

ದೊಡ್ಡಮ್ಮ ಮಡಕಶಿರಾದವಳು. ಅವಳು ಮಾತಿಗೊಮ್ಮೆ 'ಕಣೆ' ಎನ್ನುವಳು, ನಮ್ಮ ಕಡೆಯ ಹೆಂಗಸರು ಅದನ್ನೇ ಹಿಡಿದು ಅಣಕಿಸುವರು, ಅವಳೂ ನಗುವಳು. ಅವಳಿಗೆ ಮಕ್ಕಳಿರಲಿಲ್ಲ. ಹಾಗೆನ್ನುವುದು ತಪ್ಪು, ಒಂದು ಇತ್ತು. ನಾನು ಹುಟ್ಟುವ ಮೊದಲು ಊರಿಗೆ ಪ್ಲೇಗು ಬಂದು ಜನರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಅಂಥ ಒಂದು ಗುಡಿಸಲಿನಲ್ಲಿ ಅವಳಿಗೆ ಗಂಡುಮಗು ಹುಟ್ಟಿತು, ಒಂಬತ್ತು ದಿನ ಇತ್ತು, ಹೋಯಿತು. ಬಾಣಂತಿ ಏಳುವ ಸ್ಥಿತಿಯಲ್ಲಿರಲಿಲ್ಲ. ದೊಡ್ಡಪ್ಪ ಮಗುವನ್ನು ತನ್ನ ಹೆಗಲ ಮೇಲಿನ ಪಂಚೆಯಲ್ಲಿ ಸುತ್ತಿಕೊಂಡು ಕುದುರೆ ಹತ್ತಿ ಒಬ್ಬನೇ ಅಡವಿಗೆ ಹೋದ, ಬರಿಗೈಯಲ್ಲಿ ಬಂದ. ಎಲ್ಲಿ ಎಂದು ಅವಳು ಕೇಳಿದಳಂತೆ. ಹಾಗೆ ಕೇಳಬಾರದು, ತಾಯಿ ಆ ಮಣ್ಣು ನೋಡಿದರೆ ಮುಂದಿನ ಮಗು ನಿಲ್ಲುವುದಿಲ್ಲ ಎಂದು ಹಿರಿಯರು ಅವಳ ಬಾಯಿ ಮುಚ್ಚಿಸಿದರು. ಮುಂದಿನ ಮಗು ಬರಲೇ ಇಲ್ಲ. ಆದರೂ ಆ ಜಾಗವನ್ನು ದೊಡ್ಡಪ್ಪ ಹೇಳಲಿಲ್ಲ. ಹನ್ನೊಂದು ವರ್ಷವಾದ ಮೇಲೆ ಚಳಿಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಹೋದ, ಆಗಲೂ ಹೇಳಲಿಲ್ಲ.

ಅವನು ಹೋದ ಮೇಲಿನ ದಿನಗಳನ್ನು ನಾನು ಮರೆತಿಲ್ಲ. ಬೆಳಕು ಹರಿಯುತ್ತಿದ್ದಂತೆ ಸಬ್ಜಾ ಹಿತ್ತಲಿನ ಹಾಸುಗಲ್ಲಿನ ಮೇಲೆ ಗೊರಸು ಬಡಿಯುತ್ತಿತ್ತು. ಹೊರಡುವ ಹೊತ್ತಾಯಿತು ಎಂದು ದೊಡ್ಡಪ್ಪನನ್ನು ಕರೆಯುವ ರೀತಿ ಅದು. ದೊಡ್ಡಮ್ಮ ದಡಬಡಿಸಿ ಎದ್ದು ನೀರಿನ ಚೀಲ ತುಂಬುವಳು, ತುಂಬಿದ ಮೇಲೆ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲುವಳು. ನಿಮ್ಮ ಮನೆಯಲ್ಲೂ ತೀರಿಹೋದವರು ಓಡಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಬಾಗಿಲ ಕಡೆ ತಿರುಗಿದ ಮುಖಗಳನ್ನು ನೀವು ನೋಡಿರಬಹುದು. ನಮ್ಮಪ್ಪನಿಗೆ ಇದನ್ನು ನೋಡಲಾಗಲಿಲ್ಲ. ಬಳ್ಳಾರಿಯ ಜಟಕಾದವನೊಬ್ಬನಿಗೆ ಕುದುರೆಯನ್ನು ಕೊಡುವುದೆಂದು ಮಾತು ಮುಗಿಸಿ ಬಂದ.

ಕೊಡುವ ಹಿಂದಿನ ದಿನ ದೊಡ್ಡಮ್ಮ ಅಪ್ಪನ ಮುಂದೆ ಬಂದು ನಿಂತು, ತಾನೊಮ್ಮೆ ಅಡವಿ ನೋಡಬೇಕು ಎಂದಳು. ಗಂಡ ಅಷ್ಟು ವರ್ಷ ತಿರುಗಿದ ಜಾಗ, ತಾನು ಒಮ್ಮೆಯೂ ಕಾಲಿಟ್ಟಿಲ್ಲ ಎಂಬ ಅವಳ ಮಾತಿಗೆ ಅಪ್ಪ ಇಲ್ಲವೆನ್ನಲಾರದೆ ಹೋದ. ಅವಳ ಮನಸ್ಸಿನಲ್ಲಿದ್ದದ್ದು ಬೇರೆಯೇ. ದೊಡ್ಡಪ್ಪ ಯಾವತ್ತೋ ಊಟಕ್ಕೆ ಕೂತಾಗ, ಜೀನಿನ ಮೇಲೆ ತನಗೆ ನಿದ್ದೆ ಹತ್ತಿದರೂ ಚಿಂತೆಯಿಲ್ಲ, ಸಬ್ಜಾ ತಾನೇ ಸುತ್ತು ಹಾಕಿ, ತಾನು ಇಳಿಯುವ ಕಡೆಯೆಲ್ಲ ನಿಂತು ಬರುತ್ತದೆ ಎಂದಿದ್ದನಂತೆ. ಅವನು ಆಡಿದ ಮಾತೇ ಬೆರಳೆಣಿಕೆಯಷ್ಟು. ಅವಳು ಒಂದನ್ನೂ ಮರೆತಿರಲಿಲ್ಲ.

ಆಗ ನನಗೆ ಎಂಟು ವರ್ಷ. ಬೆನ್ನ ಮೇಲೆ ಭಾರವಿಲ್ಲದಿದ್ದರೆ ಕುದುರೆ ಸುತ್ತಿಗೆ ಹೊರಡುವುದಿಲ್ಲವೆಂದು ನನ್ನನ್ನು ಕೂರಿಸಿದರು. ದೊಡ್ಡಮ್ಮ ಕಾಲಿಡುವ ರಿಕಾಪು ಹಿಡಿದು ಪಕ್ಕದಲ್ಲಿ ನಡೆದಳು. ಅಪ್ಪ ಬುತ್ತಿಗಂಟು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದ. ಆ ಸೈಕಲ್ಲಿನ ಮೇಲೆ ಅಪ್ಪನಿಗೆ ಬಲು ಹೆಮ್ಮೆ. ಅಡವಿಯ ಗಡಿಕಲ್ಲು ಮುಟ್ಟುವ ಮೊದಲೇ ಜಾಲಿಮುಳ್ಳು ಎರಡೂ ಚಕ್ರಗಳ ಗಾಳಿ ತೆಗೆದು ಆ ಹೆಮ್ಮೆಯನ್ನು ಇಳಿಸಿತು. ಗಡಿಯಲ್ಲಿದ್ದ ಕಾವಲುಗಾರ ಹೊಸಬ. ಅವನು ಅಪ್ಪನ ಜೊತೆ ಸೈಕಲ್ಲನ್ನು ಬೋರಲು ಹಾಕುತ್ತಾ, ಹೆಂಗಸು, ಹುಡುಗಿ ಇಬ್ಬರೇ ಒಳಗೆ ಹೋಗುವುದನ್ನು ಕಂಡು ಗಾಬರಿಯಾದ.

"ಒಳಗ ಹೋಗಬ್ಯಾಡ್ರಿ ಅವ್ವಾರ, ದಾರಿ ಎಲ್ಲಾ ಒಂದಾ ನಮೂನಿ ಅದಾವ್ರಿ."

"ಕುದ್ರೆಗೆ ಗೊತ್ತೈತೆ ಕಣಪ್ಪಾ" ಎಂದು ದೊಡ್ಡಮ್ಮ ನಿಲ್ಲದೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಕೈಯಲ್ಲಿದ್ದ ಲಗಾಮನ್ನು ಬಿಡಿಸಿ ಕುದುರೆಯ ಕೊರಳ ಮೇಲೆ ಹಾಕಿದಳು. ಅವಳಿಗೆ ದೂರದ್ದೆಲ್ಲ ಮಂಜು, ಹತ್ತು ಮಾರಿನಾಚೆ ಮರ ಯಾವುದು ಮನುಷ್ಯ ಯಾವುದು ತಿಳಿಯುತ್ತಿರಲಿಲ್ಲ. ಅದಕ್ಕೇ ನನ್ನ ಮೊಣಕಾಲು ಹಿಡಿದು ಹೇಳಿದಳು: "ಮೇಲೆ ಕುಂತಿರೋಳು ನೀನು. ದಾರಿ ಗೆಪ್ತಿ ಇಟ್ಕಾ ಮಗಾ. ನಾಳೆಯಿಂದ ಕುದ್ರೆ ಇರಾಕಿಲ್ಲ."

ನಾನು ಹೂಂ ಎಂದೆ. ನೆನಪಿಟ್ಟುಕೊಳ್ಳಲಿಲ್ಲ. ಅಷ್ಟು ಎತ್ತರದಿಂದ ಲೋಕವನ್ನು ನಾನು ಅದೇ ಮೊದಲು ನೋಡಿದ್ದು. ಬಾದೆಹುಲ್ಲು ಕುದುರೆಯ ಹೊಟ್ಟೆಯನ್ನು ಸವರುತ್ತಿತ್ತು, ಬಿಸಿಲಿಗೆ ಬಂದರಿಕೆ ಗಿಡಗಳು ಕಹಿಯಾಗಿ ಘಮಗುಡುತ್ತಿದ್ದವು, ಗುಂಡುಕಲ್ಲುಗಳ ಸಂದಿಯಿಂದ ಕೌಜುಗಗಳು ಬುರ್ರೆಂದು ಏಳುತ್ತಿದ್ದವು. ನಾನು ನನ್ನ ನೆರಳನ್ನೇ ನೋಡುತ್ತಿದ್ದೆ. ಕುದುರೆಯ ಮೇಲೆ ಕುಳಿತ ನನ್ನ ನೆರಳು ಸಾಹೇಬರ ನೆರಳಿನಷ್ಟು ಉದ್ದವಾಗಿತ್ತು. ಅದನ್ನು ನೋಡುತ್ತ ಎಲ್ಲಿ ಎಡಕ್ಕೆ ತಿರುಗಿತು, ಎಲ್ಲಿ ಹಳ್ಳ ದಾಟಿತು, ಒಂದನ್ನೂ ಗಮನಿಸಲಿಲ್ಲ. ಎಂಟು ವರ್ಷದವಳೆಂದು ನೀವು ಕ್ಷಮಿಸಬಹುದು. ನನ್ನನ್ನು ನಾನು ಕ್ಷಮಿಸಿಲ್ಲ.

ಸಬ್ಜಾ ಮೊದಲು ಒಂದು ಚಿಲುಮೆಯ ಹತ್ತಿರ ನಿಂತು ನೀರು ಕುಡಿಯಿತು. ಆಮೇಲೆ ಒಂದು ಕಮರದ ಮರದ ಕೆಳಗೆ ನಿಂತಿತು; ಅಲ್ಲಿ ಒರಗಿಕೊಳ್ಳಲು ಬಂಡೆಯಿತ್ತು, ನೆರಳಿತ್ತು, ದೊಡ್ಡಪ್ಪನ ಬೀಡಿಯ ತುಂಡುಗಳಿದ್ದವು. ಮೂರನೆಯ ಸಲ ಅದು ನಿಂತ ಕಡೆ ನೀರೂ ಇರಲಿಲ್ಲ, ನೆರಳೂ ಇರಲಿಲ್ಲ. ಹುಲ್ಲಿನ ನಡುವೆ ಬೆಣಚುಕಲ್ಲುಗಳ ಒಂದು ಸಣ್ಣ ಗುಪ್ಪೆ ಇತ್ತು, ಅಷ್ಟೇ. ಕೆಳಗಿನ ಕಲ್ಲುಗಳು ಮಳೆಗೆ ಮಾಸಿ ಮಣ್ಣಿನಲ್ಲಿ ಹೂತಿದ್ದವು, ಮೇಲಿನವು ಇನ್ನೂ ಬೆಳ್ಳಗಿದ್ದವು. ದೊಡ್ಡಮ್ಮ ಅಲ್ಲಿ ಕುಳಿತು ಒಂದೊಂದೇ ಕಲ್ಲನ್ನು ಮುಟ್ಟಿದಳು. ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

"ಹನ್ನೊಂದು ವರ್ಸ ಒಬ್ರೇ ಬಂದು ಅತ್ತವ್ರೆ ಕಣೆ" ಎಂದಳು. "ನಂಗೆ ಪಾಲು ಕೊಡ್ಲಿಲ್ಲ."

ಎಷ್ಟು ಹೊತ್ತು ಕುಳಿತೆವೋ. ಹೊರಡೋಣವೆಂದರೆ ಸಬ್ಜಾ ಕದಲಲೊಲ್ಲದು. ನಾನು ಹಿಮ್ಮಡಿಯಿಂದ ತಿವಿದೆ, ಅವಳು ಲಗಾಮು ಹಿಡಿದು ಎಳೆದಳು. ಅದು ಕಿವಿ ನೆಟ್ಟಗೆ ಮಾಡಿಕೊಂಡು ಏನನ್ನೋ ಕಾಯುತ್ತಿತ್ತು. ಕೊನೆಗೆ ದೊಡ್ಡಮ್ಮ ಕಾಲ ಬಳಿಯಿದ್ದ ಒಂದು ಬೆಣಚುಕಲ್ಲನ್ನು ಎತ್ತಿ ಗುಪ್ಪೆಯ ಮೇಲೆ ಇಟ್ಟಳು. ಕಲ್ಲಿಗೆ ಕಲ್ಲು ತಾಗಿದ ಸದ್ದು ಕೇಳಿದ್ದೇ ಕುದುರೆ ತಾನಾಗಿ ಹೆಜ್ಜೆ ತೆಗೆಯಿತು. ನಾನು ಜೀನನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಗಡಿಗೆ ಬಂದು ಅಪ್ಪ ಏನೇನು ನೋಡಿದಿರಿ ಎಂದು ಕೇಳಿದಾಗ ದೊಡ್ಡಮ್ಮ, ಅಡವಿ ಚೆನ್ನಾಗಿದೆ ಎಂದಳು. ಮಾರನೆಯ ದಿನ ಸಬ್ಜಾ ಬಳ್ಳಾರಿಗೆ ಹೋಯಿತು.

ತಿಂಗಳಾದ ಮೇಲೆ ಅವಳು ನನ್ನನ್ನು ಕರೆದುಕೊಂಡು ನಡೆದೇ ಹೊರಟಳು. ನಾನು ಮುಂದೆ, ಅವಳು ಹಿಂದೆ. ಚಿಲುಮೆ ಸಿಕ್ಕಿತು, ಕಮರದ ಮರವೂ ಸಿಕ್ಕಿತು. ಅಲ್ಲಿಂದ ಮುಂದೆ ಎಲ್ಲ ದಾರಿಯೂ ಒಂದೇ ನಮೂನೆ. ನನಗೆ ಗೊತ್ತು ಗೊತ್ತು ಎನ್ನುತ್ತ ಅವಳನ್ನು ಮುಳ್ಳಿನಲ್ಲಿ ಸುತ್ತಿಸಿ ಸಂಜೆಗೆ ಬರಿದೇ ಕರೆತಂದೆ. ಆಮೇಲೆ ಮಳೆ ಬಂದು ಹುಲ್ಲು ಎದೆಯೆತ್ತರ ಬೆಳೆಯಿತು. ಮರುವರ್ಷ ಬೆಂಕಿ ಬಿದ್ದು ಅಡವಿಯ ಗುರುತೇ ಹೋಯಿತು. ಕುದುರೆಯನ್ನಾದರೂ ಒಂದು ದಿನಕ್ಕೆ ಕೇಳೋಣವೆಂದರೆ ಅದು ಕೈ ಬದಲಾಗಿ ಆದವಾನಿಯ ಕಡೆ ಹೋಗಿತ್ತು. ಆದರೂ ಅವಳು ಸೋಮವಾರ ಬಿಡುವಾದರೆ ಸಾಕು, ನನ್ನನ್ನು ಕರೆಯುವಳು. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ನನ್ನ ಮನಸ್ಸಾದರೂ ಹಗುರಾಗುತ್ತಿತ್ತು.

ನನಗೆ ಹತ್ತು ದಾಟಿದ ಮೇಲೆ ಒಂದು ದಿನ, ಬಿಸಿಲಿಗೆ ಬಸವಳಿದು ಅವಳು ಮರದ ಬುಡದಲ್ಲಿ ಕೂತಿದ್ದಾಗ, ನಾನು ಆಚೆ ಹೋಗಿ ಹುಲ್ಲಿನಲ್ಲಿ ಬಿದ್ದಿದ್ದ ಬೆಣಚುಕಲ್ಲುಗಳನ್ನು ಆರಿಸಿ ಒಂದು ಗುಪ್ಪೆ ಮಾಡಿದೆ. ಮಾಡಿ, ಸಿಕ್ಕಿತು ಎಂದು ಕೂಗಿದೆ. ಅವಳು ಎಡವುತ್ತ ಓಡಿ ಬಂದಳು. ಕುಳಿತು, ಮೊದಲಿನ ಹಾಗೆಯೇ ಒಂದೊಂದು ಕಲ್ಲನ್ನೂ ಮುಟ್ಟಿದಳು. ಅವಸರದಲ್ಲಿ ನಾನು ಅವನ್ನು ಹೇಗೆಂದರೆ ಹಾಗೆ ಇಟ್ಟಿದ್ದೆ. ನೆಲಕ್ಕೆ ಅಂಟಿದ್ದ ಹಸಿಮಣ್ಣಿನ ಮಗ್ಗುಲು ಮೇಲಾಗಿತ್ತು. ಅವಳ ಬೆರಳಿಗೆಲ್ಲ ಆ ಮಣ್ಣು ಮೆತ್ತಿಕೊಂಡಿತು. ಬೆರಳನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು.

"ಇದೇ ಇರ್ಲಿ ಬಿಡು ಮಗಾ."

ನಂಬಿದಳೆಂದುಕೊಂಡು ನಾನು ದಾರಿಯುದ್ದಕ್ಕೂ ಕುಣಿಯುತ್ತ ಬಂದೆ. ಆ ಮಾತಿನ ಅರ್ಥ ನನಗಾದದ್ದು ನಾನೇ ತಾಯಿಯಾದ ಮೇಲೆ. ಅಷ್ಟು ಹೊತ್ತಿಗೆ ದೊಡ್ಡಮ್ಮನೂ ಇರಲಿಲ್ಲ. ಕಾಲು ನಡೆಯುವ ತನಕ ಅವಳು ಪ್ರತಿ ವರ್ಷ ನಾನು ಮಾಡಿದ ಆ ಗುಪ್ಪೆಯ ಬಳಿಗೇ ಹೋಗಿ ಕುಳಿತು ಬಂದಳು, ಪ್ರತಿ ಸಲವೂ ದಾರಿ ತೋರಿಸಲು ನನ್ನನ್ನೇ ಕರೆದಳು. ಆ ದಾರಿ ನನಗೆ ಇವತ್ತಿಗೂ ಹೆಜ್ಜೆ ಹೆಜ್ಜೆಯಾಗಿ ನೆನಪಿದೆ.