ಇಬ್ಬರು ಸಾಕ್ಷಿಗಳು, ಒಂದು ನೀಲಿ ಸ್ಕೂಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗೆಳೆಯನೂ ಕ್ವೇಸಾರ್‌ಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆವು. ಜೋಗುಪಾಳ್ಯದಲ್ಲಿ ಇಬ್ಬರಿಗೂ ಒಂದೇ ಬಾಡಿಗೆ ಕೋಣೆ, ಓಡಾಡಲು ಅವನ ಸ್ಕೂಟರ್. ಕ್ವೇಸಾರ್ ಎಂದರೆ ಬಹುದೂರದ ಗೆಲಾಕ್ಸಿಯೊಂದರ ಧಗಧಗಿಸುವ ನಡುಭಾಗ. ಅಂಥ ಎರಡು ಚುಕ್ಕೆಗಳು ಅಕ್ಕಪಕ್ಕ ಕಂಡರೆ ಅವು ನಿಜವಾಗಿಯೂ ಎರಡಿರಬಹುದು. ಇಲ್ಲವೇ ನಡುವಿನ ಭಾರಿ ಗೆಲಾಕ್ಸಿಯೊಂದು ಬೆಳಕನ್ನು ಬಾಗಿಸಿ ಒಂದನ್ನೇ ಎರಡಾಗಿ ತೋರಿಸುತ್ತಿರಬಹುದು. ನಾವು ಎರಡರ ವರ್ಣಪಟಲಗಳನ್ನೂ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಗೆರೆಚಿತ್ರಗಳನ್ನು, ಒಂದರ ಕೆಳಗೊಂದು ಇಟ್ಟು ನೋಡುತ್ತಿದ್ದೆವು. ಸಣ್ಣ ತಗ್ಗು, ಡೊಂಕುಗಳೂ ಹೊಂದಿಕೊಂಡರೆ ಮೂಲ ಒಂದೇ. ನಿಜವಾದ ಜೋಡಿ ಎಲ್ಲೋ ಒಂದು ಕಡೆ ಬೇರೆಯಾಗಿಬಿಡುತ್ತದೆ.

ಒಂದು ಬೆಳಿಗ್ಗೆ ನಾನು ಅವನ ಹಿಂದೆ ಕೂತು ಕೆ.ಆರ್. ಪುರದ ಕಡೆ ಹೊರಟಾಗಲೂ ಅಂಥ ಒಂದು ಜೋಡಿಯ ಬಗ್ಗೆ ನಮ್ಮ ಅದೇ ಜಗಳ.

"ಅದು ಒಂದೇ ಕಣೋ ಮಗಾ, ಬರ್ಕೊಡ್ಲಾ?"

"ಎರಡು ಗುರು. ಮುಂದೆ ನೋಡ್ಕೊಂಡು ಓಡ್ಸು."

ಲಾರಿ ಉಲ್ಟಾ ದಿಕ್ಕಿನಿಂದ ಬಂತು. ನಾನು ಜಲ್ಲಿ ರಾಶಿಯ ಮೇಲೆ ಹೋಗಿ ಬಿದ್ದೆ. ಅವನ ಬಲಗಾಲು ಚಕ್ರದಡಿ ಸಿಕ್ಕಿತು. ಆ ಸದ್ದು ಈಗಲೂ ಊಟದ ನಡುವೆ ಕೇಳಿಸಿ ಕೈ ನಿಂತುಬಿಡುತ್ತದೆ.

ಲಾರಿ ಮಾಲೀಕ ತಪ್ಪನ್ನು ಗೆಳೆಯನ ತಲೆಗೇ ಕಟ್ಟಿದ. ಇಬ್ಬರು ಸಾಕ್ಷಿಗಳನ್ನೂ ಹುಟ್ಟಿಸಿದ. ಅವರ ಮಾತೇ ನಿಜವೆಂದು ನಿಂತರೆ ಕಾಲು ಕಳೆದುಕೊಂಡವನೇ ಅಪರಾಧಿ. ಆಸ್ಪತ್ರೆಯ ವರಾಂಡದಲ್ಲಿ ಮಾಲೀಕ ನನ್ನನ್ನು ನೋಡಿ, "ಓದಿರೋರು ನೀವು, ಸುಮ್ನಿರಿ ಸಾರ್" ಎಂದು ನಕ್ಕಿದ್ದ. ಆ ನಗುವನ್ನು ಅಳಿಸಲೇಬೇಕೆಂದು ಹಟ ಹಿಡಿದೆ.

ನಮ್ಮ ವಕೀಲರಿಂದ ಎರಡೂ ಹೇಳಿಕೆಗಳ ಪ್ರತಿ ತಂದು, ಅಭ್ಯಾಸಬಲದಿಂದ, ಒಂದರ ಕೆಳಗೊಂದು ಇಟ್ಟೆ. ರಸ್ತೆಯ ಆಚೆಗೊಬ್ಬ, ಈಚೆಗೊಬ್ಬ ನಿಂತಿದ್ದರಂತೆ. ಇಬ್ಬರಿಗೂ ಕಂಡಿದ್ದು "ನೀಲಿ ಸ್ಕೂಟರ್". ಆದರೆ ಹಿಂದಿನ ತಿಂಗಳಷ್ಟೇ ಶಿವಾಜಿನಗರದಲ್ಲಿ ಅದಕ್ಕೆ ಬಿಳಿ ಬಣ್ಣ ಹೊಡೆಸಿದ್ದೆವು. ಆರ್‌ಸಿ ಬುಕ್ಕಿನಲ್ಲಿ ಮಾತ್ರ ನೀಲಿ ಎಂದೇ ಉಳಿದಿತ್ತು. ಅದರ ಜೆರಾಕ್ಸ್ ಮಾಲೀಕನ ಕೈಗೆ ಸಿಕ್ಕಿತ್ತು. ಇಬ್ಬರೂ ನೋಡಿದ್ದು ಗಾಡಿಯನ್ನಲ್ಲ, ಆ ಹಾಳೆಯನ್ನು.

ನ್ಯಾಯಾಲಯದಲ್ಲಿ ವಕೀಲರು ನಿಧಾನವಾಗಿ ಕೇಳಿದರು, "ಬಣ್ಣ ಸರಿಯಾಗಿ ನೋಡಿದ್ಯೇನಪ್ಪಾ?"

"ನೀಲಿ ಸಾರ್, ಕಣ್ಣಾರೆ ನೋಡಿದ್ದೀನಿ."

ಎರಡನೆಯವನೂ ಅದನ್ನೇ ಹೇಳಿದ. ವಕೀಲರು ಜಖಂಗೊಂಡ ಬಿಳಿ ಸ್ಕೂಟರಿನ ಫೋಟೋ ಮುಂದಿಟ್ಟರು. ನಾನು ಸಾಕ್ಷಿಗಳತ್ತ ತಿರುಗಲಿಲ್ಲ. ಮಾಲೀಕನ ಮುಖವನ್ನೇ ನೋಡುತ್ತಾ ಕೂತೆ, ಅದು ಬೂದಿಬಣ್ಣಕ್ಕೆ ತಿರುಗುವವರೆಗೆ. ಅಷ್ಟು ರುಚಿಯಾದದ್ದನ್ನು ನಾನು ಇನ್ನೇನೂ ಕಂಡಿಲ್ಲ.

ಒಂದು ಮಾತು ಉಳಿದಿದೆ. "ಎರಡು ಗುರು" ಎಂದು ನಾನು ಅಂದಾಗ ಗೆಳೆಯ ರಸ್ತೆಯಿಂದ ಕಣ್ಣು ತೆಗೆದು ನನ್ನತ್ತ ಅರೆಕ್ಷಣ ಹೊರಳಿ ನೋಡಿದ್ದ. ಲಾರಿ ಬಂದದ್ದು ಆಗಲೇ. ನ್ಯಾಯಾಲಯದಲ್ಲಿ ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಅರೆಕ್ಷಣವನ್ನು ಮಾಲೀಕನ ಕೈಗೆ ನೆಪವಾಗಿ ನಾನು ಇವತ್ತಿಗೂ ಕೊಡಲಾರೆ.